ರೂಟ್ ಕೆನಾಲ್ ತೊಳೆಯಲು ಸಿರಿಂಜ್ ಸಾಕಾ, ಅಲ್ಟ್ರಾಸಾನಿಕ್ ಬೇಕಾ?

ಹೊಸ ಕ್ಲಿನಿಕ್, ತುಮಕೂರು:
ನನಗೆ ಕೆಳಗಿನ ದವಡೆ ಹಲ್ಲುಗಳೇ ಜಾಸ್ತಿ ಬರುತ್ತವೆ. ತೊಳೆಯೋಕೆ 3% ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ದ್ರವ), ಪಕ್ಕದಲ್ಲಿ ತೂತಿರುವ 30 ಗೇಜ್ ಸೈಡ್ ವೆಂಟ್ ಸೂಜಿ, ಕೊನೆಗೆ ಗೋಡೆಗೆ ಅಂಟಿದ ಪುಡಿ ಕರಗಿಸೋ 17% ಇಡಿಟಿಎ ಒಂದು ನಿಮಿಷ. ಮೊನ್ನೆ ಎಲ್ಲ ಮುಗಿಯಿತು ಅಂದುಕೊಂಡು ಕೆನಾಲ್ ಒರೆಸೋ ಪೇಪರ್ ಪಾಯಿಂಟ್ (ಕಾಗದದ ಕಡ್ಡಿ) ಇಟ್ಟೆ, ತುದಿ ರಕ್ತ ತಾಗಿ ಕೆಂಪಗೆ ಬಂತು. ದ್ರವವನ್ನು ತುಂಬಾ ವೇಗವಾಗಿ ಕಂಪಿಸೋ ಅಲ್ಟ್ರಾಸಾನಿಕ್ ತಗೊಳ್ಳಲಾ, ಅದಕ್ಕಿಂತ ನಿಧಾನವಾಗಿ ಕಂಪಿಸೋ ಸೋನಿಕ್ ಸಾಕಾ? ಸುಮ್ನೆ ದುಡ್ಡು ಹಾಕೋಕೆ ಮನಸ್ಸಿಲ್ಲ.

ಹಳೇ ಚೇರ್:
ಕೆಂಪಗೆ ಬಂದರೆ ಮೊದಲು ಅಳತೆ ಇನ್ನೊಮ್ಮೆ ನೋಡಿ ಡಾಕ್ಟ್ರೇ, ಕೆನಾಲ್ ಕೊರೆಯೋ ಫೈಲ್ ಬೇರಿನ ತುದಿ ದಾಟಿರಬಹುದು. ಎಲ್ಲಿವರೆಗೆ ಶೇಪ್ ಮಾಡಿದ್ರಿ? 25 ನಂಬರ್ (ತುದಿ 0.25 ಮಿ.ಮೀ.), 4% ಟೇಪರ್‌ಗೆ (ಮೇಲೆ ಹೋದಂತೆ ಪ್ರತಿ ಮಿ.ಮೀ.ಗೆ 0.04 ಅಗಲ ಜಾಸ್ತಿ) ನಿಲ್ಲಿಸಿದ್ದರೆ ತುದಿಯಿಂದ 2 ಮಿ.ಮೀ. ಮೇಲೆ ಕೆನಾಲ್ ಅಗಲ ಬರೀ 0.33, ಸೂಜಿಯೇ ಸುಮಾರು 0.3 ದಪ್ಪ, ಇನ್ನು ನೀರು ವಾಪಸ್ ಬರೋದು ಎಲ್ಲಿಂದ? ಸೈಡ್ ವೆಂಟ್ ಸೂಜಿಯಲ್ಲಿ ದ್ರವ ಸೂಜಿ ತುದಿಯಿಂದ ಆಚೆಗೆ ಹೋಗೋದು ಹೆಚ್ಚುಕಮ್ಮಿ 1 ಮಿ.ಮೀ. ಅಷ್ಟೇ. ಅದರ ಕೆಳಗೆ ಗಾಳಿ ಗುಳ್ಳೆ ಕೂತಿರುತ್ತೆ. ಸರಿಯಾಗಿ ಕೂರುವ ಗಟ್ಟಾ ಪರ್ಚಾ ಕೋನ್ (ಕೆನಾಲ್ ತುಂಬೋ ರಬ್ಬರ್‌ನಂಥ ಕಡ್ಡಿ) ಹಾಕಿ 2–3 ಮಿ.ಮೀ. ಮೇಲೆ ಕೆಳಗೆ ಆಡಿಸಿ, ನಿಮಿಷಕ್ಕೆ 100 ಸಲ. ಕೈ ನೋಯುತ್ತೆ, ಆದರೆ ಖರ್ಚು ಏನೂ ಇಲ್ಲ.

ಎಂಡೋ ಮೇಡಂ:
ಕೋನ್ ಒಳ್ಳೆಯದೇ, ಆದರೆ ದವಡೆ ಹಲ್ಲಿನ ಮೀಸಿಯಲ್ (ಮುಂದಿನ) ಬೇರಿನಲ್ಲಿ ಎರಡು ಕೆನಾಲ್ ಸೇರಿಸೋ ತೆಳ್ಳಗಿನ ಸಂದು, ಇಸ್ತಮಸ್, ಇರುತ್ತಲ್ಲ, ಅಲ್ಲಿಗೆ ಫೈಲ್ ಹೋಗೋದೇ ಇಲ್ಲ. ಅಲ್ಲಿ ಅಲ್ಟ್ರಾಸಾನಿಕ್‌ಗೇ ನನ್ನ ಓಟು. 20 ಸೆಕೆಂಡ್, ಹೊಸ ಹೈಪೋ, ಮತ್ತೆ 20, ಹೀಗೆ ಮೂರು ಸಲ. ಟಿಪ್ ಗೋಡೆಗೆ ತಾಗಬಾರದು. ಬಾಗಿದ ಕೆನಾಲ್‌ನಲ್ಲಿ ತಾಗಿಸಿದರೆ ಗೋಡೆಯಲ್ಲಿ ಲೆಡ್ಜ್ (ಮೆಟ್ಟಿಲಿನಂಥ ಗಾಯ) ಗ್ಯಾರಂಟಿ, ಅಂಥ ಕಡೆ ಸೋನಿಕ್‌ನ ಪ್ಲಾಸ್ಟಿಕ್ ಟಿಪ್ ಹಲ್ಲನ್ನು ಕೊರೆಯೋಲ್ಲ ಅನ್ನೋದೇ ಅದರ ಲಾಭ. ನಿಮ್ಮ ಪೀಜೋ ಸ್ಕೇಲರ್‌ನಲ್ಲಿ (ಹಲ್ಲಿನ ಪಾಚಿ ತೆಗೆಯೋ ಅಲ್ಟ್ರಾಸಾನಿಕ್ ಯಂತ್ರ) ಎಂಡೋ, ಅಂದ್ರೆ ರೂಟ್ ಕೆನಾಲ್ ಮೋಡ್ ಇದೆಯಾ ನೋಡಿ. ಇದ್ದರೆ ಬರೀ ಟಿಪ್ ತಗೊಂಡರೆ ಆಯ್ತು.

ಸುಟ್ಟ ಕೈ:
ಯಾವುದನ್ನೇ ತಗೊಳ್ಳಿ, ಸೂಜಿ ಸಿಕ್ಕಿಹಾಕಿಕೊಳ್ಳೋಕೆ ಬಿಡಬೇಡಿ. ಕೆಲಸ ಶುರು ಮಾಡಿದ ಹೊಸದರಲ್ಲಿ ಮೇಲಿನ ಹಲ್ಲೊಂದರಲ್ಲಿ ಸೂಜಿ ಬಿಗಿಯಾಗಿದೆ ಅಂತ ಗೊತ್ತಾಗದೆ ಹೆಬ್ಬೆರಳಲ್ಲಿ ಒತ್ತಿಬಿಟ್ಟೆ. ಆ ಅಮ್ಮ ಕಿರುಚಿದ್ದು ಇನ್ನೂ ಕಿವಿಯಲ್ಲಿದೆ, ಎರಡೇ ನಿಮಿಷದಲ್ಲಿ ಕೆನ್ನೆ ಊದಿತು. ಈಗ ತೋರುಬೆರಳಲ್ಲೇ ಒತ್ತೋದು, ಸೂಜಿ ಆಡಿಸುತ್ತಲೇ ಇರೋದು. ತುದಿ ತೆರೆದ ಬೇರಿದ್ದರೆ ದ್ರವವನ್ನು ಕೆಳಗಿಂದ ಹೀರುವ ನೆಗೆಟಿವ್ ಪ್ರೆಶರ್ ವಾಸಿ. ಮತ್ತೆ, ಹೈಪೋ ಮೇಲೇ ಕ್ಲೋರ್‌ಹೆಕ್ಸಿಡಿನ್ (ಇನ್ನೊಂದು ಕ್ರಿಮಿನಾಶಕ) ಹಾಕಬೇಡಿ, ಕಂದು ಗಸಿ ಕೂರುತ್ತೆ. ನಡುವೆ ಸಲೈನ್ (ಉಪ್ಪು ನೀರು) ಹಾಕಿ ತೊಳೀರಿ.

ಹೊಸ ಕ್ಲಿನಿಕ್, ತುಮಕೂರು:
25, 4% ಟೇಪರ್‌ಗೇ ನಿಲ್ಲಿಸಿದ್ದೆ ಸರ್, ಸಿಕ್ಕಿಬಿದ್ದೆ! ಸ್ಕೇಲರ್‌ನಲ್ಲಿ ಎಂಡೋ ಮೋಡ್ ಇದೆ ಮೇಡಂ, ಇಷ್ಟು ದಿನ ಆ ಬಟನ್ ಮುಟ್ಟೇ ಇರಲಿಲ್ಲ. ಟಿಪ್ ಆರ್ಡರ್ ಮಾಡ್ತೀನಿ, ಬರೋವರೆಗೆ ಕೋನ್.