ಪದಚರ್ಚೆ: ಸಬ್‌ವೂಫರಿನ ‘ಕ್ರಾಸೋವರ್’ಗೆ ಒಂದೇ ಪದ ಸಾಕೇ?

ಮನೆಯ ಸ್ಟೀರಿಯೋಗೆ ಸಬ್‌ವೂಫರ್ (ತಗ್ಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್, ಚಿಕ್ಕದಾಗಿ ‘ಸಬ್’) ಜೋಡಿಸುವವರಿಗಾಗಿ ಕನ್ನಡದಲ್ಲೊಂದು ಕೈಪಿಡಿ ಸಿದ್ಧವಾಗುತ್ತಿದೆ. ಓದುವವರು ಹೆಚ್ಚಾಗಿ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯವರು. ಇಲ್ಲಿ ತುಳು, ಮಲಯಾಳ, ಕನ್ನಡ ಯಾವುದರಲ್ಲಿ ಮಾತಾಡಿದರೂ ‘ಕ್ರಾಸೋವರ್’ (ಸಬ್ ಮತ್ತು ಸ್ಪೀಕರಿನ ಸ್ವರಗಳ ನಡುವಿನ ಗಡಿ) ಕ್ರಾಸೋವರೇ. ತೊಡಕೆಂದರೆ, ಆ ಹೆಸರಿನಲ್ಲಿ ಎರಡು ಬೇರೆ ಕೆಲಸಗಳು ಸೇರಿಕೊಂಡಿವೆ.

ರಿಸೀವರಿನ (ಸ್ಪೀಕರುಗಳಿಗೆ ಸಿಗ್ನಲ್ ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆ) ಮೆನುವಿನಲ್ಲಿ ಸ್ಪೀಕರನ್ನು ‘ಸ್ಮಾಲ್’ (ಬೇಸ್ ಹೊರದ ಚಿಕ್ಕ ಸ್ಪೀಕರ್) ಮಾಡಿ 80 ಹರ್ಟ್ಸ್ ಕೊಟ್ಟರೆ, ಅದಕ್ಕಿಂತ ಕೆಳಗಿನದು ಸಬ್‌ಗೂ ಮೇಲಿನದು ಸ್ಪೀಕರಿಗೂ ಹೋಗುತ್ತದೆ. ಸಬ್‌ನ ಹಿಂಬದಿಯ ನಾಬ್ ಸಾಮಾನ್ಯವಾಗಿ ಸಬ್‌ನ ಮೇಲ್ಸ್ವರಗಳನ್ನಷ್ಟೇ ಇಳಿಸುತ್ತದೆ, ಸ್ಪೀಕರಿನ ತಂಟೆಗೆ ಹೋಗುವುದಿಲ್ಲ. ಎರಡಕ್ಕೂ ಒಂದೇ ಹೆಸರಿಟ್ಟರೆ ಓದುಗ ಎರಡನ್ನೂ 80ಕ್ಕೆ ಇಡುತ್ತಾನೆ. ಆಗ ಸಬ್‌ಗೆ ಹೋಗುವ ಸಿಗ್ನಲ್ ಎರಡೆರಡು ಸಲ ಸೋಸಿಹೋಗಿ 80ರ ಸುತ್ತ ಬೇಸ್ ಸೊರಗುತ್ತದೆ, ಫೇಸೂ (ಎರಡರ ಅಲೆಗಳು ಒಟ್ಟಿಗೆ ಏರಿಳಿಯುವ ಹೊಂದಿಕೆ) ತಪ್ಪುತ್ತದೆ. ರಿಸೀವರ್ ಹಂಚುತ್ತಿದ್ದರೆ ನಾಬನ್ನು ಅತಿ ಮೇಲಿನ ಅಂಕಿಯವರೆಗೆ ತಿರುಗಿಸಿಡಬೇಕು, ಇಲ್ಲವೇ ಎಲ್‌ಎಫ್‌ಇ (ತಗ್ಗಿನ ಸ್ವರಗಳ ಚಾನೆಲ್) ಎಂದು ಬರೆದ, ಸಾಮಾನ್ಯವಾಗಿ ನಾಬಿನ ಸೋಸುವಿಕೆ ತಾಗದ ಸಾಕೆಟಿಗೆ ವೈರ್ ಕೊಡಬೇಕು. ಬರಿಯ ಸ್ಟೀರಿಯೋ ಆಂಪ್ಲಿಫೈಯರ್ ಆದರೆ ಲೆಕ್ಕವೇ ಬೇರೆ: 55 ಹರ್ಟ್ಸ್‌ವರೆಗೆ ಇಳಿಯುವ ಸ್ಪೀಕರಿಗೆ ನಾಬನ್ನು 50–60ರ ಹತ್ತಿರ ಇಟ್ಟು, ಉಳಿದದ್ದನ್ನು ಕಿವಿಗೆ ಬಿಡುವುದು. 150ಕ್ಕೆ ಏರಿಸಿದರೆ ತಾಳಮದ್ದಳೆಯ ಅರ್ಥಧಾರಿ ಮೂಲೆಯ ಸಬ್‌ನೊಳಗೆ ಕೂತು ಮಾತಾಡಿದಂತೆ ಕೇಳುತ್ತದೆ; ಗಂಡುದನಿಯ ಮೂಲಸ್ವರ ಬಹುಪಾಲು 100–150ರ ನಡುವೆಯೇ ಇರುವುದು.

ಸದ್ಯಕ್ಕೆ ರಿಸೀವರಿನ ಕೆಲಸಕ್ಕೆ ‘ಹಂಚಿಕೆ ಆವೃತ್ತಿ’ (ಆವೃತ್ತಿ ಎಂದರೆ ಇಲ್ಲಿ ಫ್ರೀಕ್ವೆನ್ಸಿ), ನಾಬಿನದಕ್ಕೆ ‘ಮೇಲ್ಮಿತಿ’ ಎಂದು ಹಾಕಿದೆ. ‘ಕಡಿತ ಆವೃತ್ತಿ’ ಬೇಡವೆನಿಸಿತು. 80ರಲ್ಲಿ ಏನೂ ಕತ್ತಿಯಲ್ಲಿ ಕಡಿದಂತೆ ನಿಲ್ಲುವುದಿಲ್ಲ. ಆಕ್ಟೇವಿಗೆ (ಹರ್ಟ್ಸ್ ಇಮ್ಮಡಿಯಾದಾಗಲೆಲ್ಲ) 24 ಡೆಸಿಬೆಲ್ ಇಳಿಜಾರಿದ್ದರೂ 100ರಲ್ಲಿ ಸಬ್ ಕೇಳುತ್ತಲೇ ಇರುತ್ತದೆ, 160ಕ್ಕೆ ಬರುವಾಗ ಸುಮಾರು 24 ಡೆಸಿಬೆಲ್ ಕುಗ್ಗಿರುತ್ತದೆ. ‘ಮೇಲ್ಮಿತಿ’ಯಲ್ಲೂ ಆ ದೋಷ ಸ್ವಲ್ಪ ಉಂಟು, ಒಪ್ಪುತ್ತೇನೆ. ಬೇಸ್‌ಗೆ ‘ಮಂದ್ರ’ ಹಾಕಿಲ್ಲ. ಸಂಗೀತದಲ್ಲಿ ಅದು ಸ್ಥಾಯಿಯ ಹೆಸರು, ಶ್ರುತಿ ಬದಲಾದರೆ ಅದರ ಜಾಗವೂ ಬದಲು.

ಹೆಚ್ಚು ಕಾಡುತ್ತಿರುವುದು ‘ಫೇಸ್’. ‘ಪ್ರಾವಸ್ಥೆ’ ಎಂದರೆ ನಾಬ್ ತಿರುಗಿಸುವವನಿಗೆ ಏನೂ ಹೊಳೆಯದು. ‘ಫೇಸ್’ ಎಂದೇ ಬಿಟ್ಟರೆ ಅಡಿಕೆ ತೋಟದ ಪಂಪಿನ ಮೂರು ಫೇಸ್ ಕಣ್ಣಮುಂದೆ ಬರುತ್ತದೆ. ಹೇಳಬೇಕಾದ ಕೆಲಸ ಇಷ್ಟು: ಸ್ಪೀಕರ್ ಮತ್ತು ಸಬ್ ಎರಡರಲ್ಲೂ 80 ಹರ್ಟ್ಸ್ ಸ್ವರ ಬರುವಂತೆ ಮಾಡಿ, ನಿತ್ಯ ಕೂರುವ ಜಾಗದಲ್ಲಿ ಕೂತು, ಇನ್ನೊಬ್ಬರ ಕೈಯಲ್ಲಿ ಸಬ್‌ನ ಫೇಸ್ ಸ್ವಿಚ್ಚನ್ನು 0 ಡಿಗ್ರಿಗೂ 180ಕ್ಕೂ ಬದಲಿಸಿ ಕೇಳುವುದು. ಯಾವುದರಲ್ಲಿ ಜೋರೋ ಅದನ್ನು ಉಳಿಸಿಕೊಳ್ಳುವುದು. ವ್ಯತ್ಯಾಸವೇ ತಿಳಿಯದಿದ್ದರೆ ಸಬ್ಬನ್ನು ಅರ್ಧ ಮೀಟರ್ ಸರಿಸಿ ಮತ್ತೆ ಕೇಳುವುದು. ಗೋಡೆಗೆ ಬಡಿದು ಮರಳಿದ ಅಲೆ ಆ ಜಾಗದಲ್ಲಿ 80ನ್ನೇ ನುಂಗಿರಬಹುದು. ಈ ಫೇಸ್ ಸ್ವಿಚ್ಚಿಗೆ ‘ಅಲೆಹೊಂದಿಕೆ’ ನಡೆದೀತೇ? ‘ಸ್ಲೋಪ್’ಗೆ ‘ಇಳಿಜಾರು’ ಬಿಟ್ಟು ಬೇರೆ ಯಾರಾದರೂ ಬಳಸಿದ್ದುಂಟೇ?