ಪದ ಬೇಕು, ಸೋಮವಾರದೊಳಗೆ: ಚೈನ್‌ಮೇಲ್, ಸ್ಟಡೆಡ್ ಲೆದರ್, ಪಾಲ್ಡ್ರನ್

ಶುಕ್ರವಾರ ರಾತ್ರಿ, ಮಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ.

ಊರಿನ ಒಂದು ಸಣ್ಣ ತಂಡಕ್ಕಾಗಿ ಗೇಮ್ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೋಟೆ, ಮಾಟಗಾರ, ಡ್ರ್ಯಾಗನ್ ಇರುವ ಕಥೆ. ಪಾತ್ರಗಳ ಮಾತೆಲ್ಲ ಮುಗಿದಿದೆ. ಉಳಿದದ್ದು ಆಯುಧ ಮತ್ತು ಕವಚಗಳ ಪಟ್ಟಿ. ಸೋಮವಾರ ಬೆಳಿಗ್ಗೆ ಕೊಡಬೇಕು. ಸ್ಕ್ರೀನಿನಲ್ಲಿ ಹೆಸರಿಗೆ ಸಿಗುವ ಜಾಗ ತುಂಬ ಕಡಿಮೆ. ಎರಡು ಪದ ದಾಟಿದರೆ ಚೌಕದ ಹೊರಗೆ ಹೋಗುತ್ತದೆ.

ಮೊದಲನೆಯದು ಚೈನ್‌ಮೇಲ್, ಅಂದರೆ ಲೋಹದ ಬಳೆಗಳನ್ನು ಹೆಣೆದು ಮಾಡಿದ ಅಂಗಿ. ನನಗಿಂತ ಮೊದಲು ಈ ಕೆಲಸಕ್ಕೆ ಕೈಹಾಕಿದವರು ‘ಸರಪಳಿ ಕವಚ’ ಎಂದು ಬರೆದಿಟ್ಟಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸರಪಳಿ ಅಂದರೆ ಒಂದು ಕೊಂಡಿಗೆ ಇನ್ನೊಂದು ಕೊಂಡಿ, ಬರೀ ಉದ್ದಕ್ಕೆ. ಈ ಕವಚ ಹಾಗಿಲ್ಲ. ಯುರೋಪಿನ ಸಾಮಾನ್ಯ ಹೆಣಿಗೆಯಲ್ಲಿ ಒಂದೊಂದು ಬಳೆಯೂ ಸುತ್ತಲಿನ ನಾಲ್ಕು ಬಳೆಗಳನ್ನು ಹಿಡಿದಿರುತ್ತದೆ. ಬಳೆಯ ತುದಿಗಳನ್ನು ಚಪ್ಪಟೆ ಮಾಡಿ, ತೂತು ಹಾಕಿ, ಪುಟ್ಟ ರಿವೆಟ್ ಹೊಡೆದು ಮುಚ್ಚುತ್ತಿದ್ದರು. ಒಂದು ಅಂಗಿಗೆ ಸಾವಿರಾರು ಬಳೆ. ಹೊಲಿದ ಬಟ್ಟೆಯ ಹಾಗೆ ಮೈಮೇಲೆ ಇಳಿಬೀಳುತ್ತದೆ. ‘ಸರಪಳಿ ಕವಚ’ ಅಂದರೆ ಮಕ್ಕಳು ಮೈಗೆ ಸರಪಳಿ ಸುತ್ತಿಕೊಂಡವನನ್ನು ಕಲ್ಪಿಸಿಕೊಳ್ಳುತ್ತಾರೆ, ಅಲ್ವಾ?

ಎರಡನೆಯದು ಸ್ಟಡೆಡ್ ಲೆದರ್, ಅಂದರೆ ಮೊಳೆ ಹೊಡೆದ ಚರ್ಮದ ಕವಚ. ಇದೇ ನನಗೆ ಜಾಸ್ತಿ ತಲೆನೋವು. ಗೇಮ್‌ಗಳಲ್ಲಿ ಎಲ್ಲೆಲ್ಲೂ ಇರುವ ಇದು ನಿಜವಾದ ಯುದ್ಧದ ಉಡುಪಲ್ಲ. ಹಳೆಯ ಚಿತ್ರಗಳಲ್ಲಿ ಬ್ರಿಗಂಡೈನ್ ಎಂಬ ಕವಚದ ಹೊರಗೆ ಸಾಲುಸಾಲು ಮೊಳೆತಲೆ ಕಾಣುತ್ತವೆ. ಒಳಗೆ ಸಣ್ಣ ಸಣ್ಣ ಉಕ್ಕಿನ ತಗಡುಗಳಿವೆ. ಅವನ್ನು ಬಟ್ಟೆಗೆ ಕೂರಿಸಲು ಹೊಡೆದ ರಿವೆಟ್ ಅವು. ಹೊರಗಿನ ಮೊಳೆ ನೋಡಿದವರು ಒಳಗಿನ ತಗಡನ್ನು ಮರೆತರು. ಚರ್ಮಕ್ಕೆ ಸುಮ್ನೆ ಮೊಳೆ ಹೊಡೆದರೆ ಕತ್ತಿ ನಿಲ್ಲುವುದಿಲ್ಲ. ಈ ತಪ್ಪನ್ನು ಕನ್ನಡದಲ್ಲೂ ಮುಂದುವರಿಸಲು ನನಗೆ ಮನಸ್ಸಿಲ್ಲ.

ಮೂರನೆಯದು ಪಾಲ್ಡ್ರನ್, ಹೆಗಲನ್ನು ಮುಚ್ಚುವ ಭಾಗ.

ಲಾಂಗ್‌ಸೋರ್ಡ್‌ಗೆ ನೀಳ್ಗತ್ತಿ ಹಾಕಿದ್ದೇನೆ. ನೀಳ್ಗತೆ ಇದೆ, ನೀಳ್ಗತ್ತಿಯೂ ಇರಲಿ. ಗೇಮ್‌ನಲ್ಲಿ ಅದರ ತೂಕ 7 ಕಿಲೋ ಎಂದಿತ್ತು. ಎರಡು ಕೈಯಲ್ಲಿ ಹಿಡಿಯುವ ನಿಜವಾದ ಕತ್ತಿ ಒಂದೂವರೆ ಕಿಲೋ ಆಸುಪಾಸು. ತಂಡದವರಿಗೆ ಹೇಳಿ ತಿದ್ದಿಸಿದ್ದೇನೆ.

ಶನಿವಾರ ಬೆಳಿಗ್ಗೆ, ಉಡುಪಿಯಿಂದ

ಕವಚ ಸಂಸ್ಕೃತ. ಕನ್ನಡಕ್ಕೆ ತನ್ನದೇ ಪದ ಇದೆ: ಜೋಡು. ಕುಮಾರವ್ಯಾಸನ ಯುದ್ಧಪರ್ವಗಳನ್ನು ತೆಗೆದು ನೋಡಿ. ಜೋಡು ಇದೆ, ಸೀಸಕ ಇದೆ, ಹರಿಗೆ ಇದೆ. ಚೈನ್‌ಮೇಲ್‌ಗೆ ಕೊಂಡಿಜೋಡು, ಪ್ಲೇಟ್ ಆರ್ಮರ್‌ಗೆ ತಗಡುಜೋಡು, ಹೆಲ್ಮೆಟ್‌ಗೆ ಸೀಸಕ, ಶೀಲ್ಡ್‌ಗೆ ಹರಿಗೆ. ಹೊಸದಾಗಿ ಹುಟ್ಟಿಸುವುದು ಏನೂ ಇಲ್ಲ. ಓದದೆ ಇರುವುದಕ್ಕೆ ಪದ ಇಲ್ಲ ಎನ್ನಬಾರದು.

ಶನಿವಾರ, ಸುರತ್ಕಲ್‌ನಿಂದ

ಸೀಸಕ ಎಲ್ಲಿಯ ಅಚ್ಚಗನ್ನಡ? ಶೀರ್ಷಕದ ತದ್ಭವ. ಜೋಡು ಹಿಂದಿ, ಮರಾಠಿಯಲ್ಲೂ ಇದೆ. ಅದೂ ಇರಲಿ. ಇವತ್ತು ಜೋಡು ಅಂದರೆ ಕಾಲಿನ ಚಪ್ಪಲಿ. ‘ಯೋಧನು ಜೋಡು ಧರಿಸಿದನು’ ಅಂತ ಬರೆದರೆ ಹುಡುಗರು ಅವನ ಕಾಲು ನೋಡುತ್ತಾರೆ. ಸೀಸಕ ಅಂದರೆ ಸೀಸದ್ದು ಎನ್ನುತ್ತಾರೆ. ಗೇಮ್ ಆಡುವವರು ಚೈನ್‌ಮೇಲ್ ಅಂತಲೇ ಹೇಳುವುದು. ಹಾಗೇ ಬರೆಯಿರಿ, ಮುಗಿಯಿತು. ಚಾವಿ, ಜನೇಲು, ಅಲಮಾರು ಪೋರ್ಚುಗೀಸರಿಂದ ಬಂದವು. ತುಪಾಕಿ ತುರ್ಕಿಯಿಂದ ಬಂತು. ಕರಾವಳಿಯ ಯಾವ ಮನೆಯಲ್ಲಿ ಅವಕ್ಕೆ ಬಾಗಿಲು ಹಾಕಿದ್ದಾರೆ?

ಶನಿವಾರ ಮಧ್ಯಾಹ್ನ, ಉಡುಪಿಯಿಂದ

ಚಾವಿ ಬಂದದ್ದು ಚಾವಿಯ ಜೊತೆಗೆ. ವಸ್ತು ಬಂತು, ಹೆಸರೂ ಬಂತು. ಕವಚ ನಮ್ಮಲ್ಲಿ ಮೊದಲೇ ಇತ್ತು. ಇದ್ದ ವಸ್ತುವಿಗೆ ಹೊರಗಿನ ಹೆಸರು ತರುವುದು ಸೋಮಾರಿತನ. ಉಕ್ಕು ಎಂಬ ನಮ್ಮ ಪದವೇ ಯುರೋಪಿನವರ ಬಾಯಲ್ಲಿ ವೂಟ್ಸ್ ಆಯಿತು ಎನ್ನುತ್ತಾರೆ. ಉಕ್ಕನ್ನು ಕೊಟ್ಟ ಭಾಷೆ ಉಕ್ಕಿನ ಅಂಗಿಗೆ ಪದ ಬೇಡುವುದೇ?

ಶನಿವಾರ ಸಂಜೆ, ಕುಂದಾಪುರದಿಂದ

ಜಗಳ ಸಾಕು ಮಾರಾಯ್ರೆ. ಪಾಲ್ಡ್ರನ್‌ಗೆ ನಮ್ಮ ಯಕ್ಷಗಾನದಲ್ಲಿ ಭುಜಕೀರ್ತಿ ಇದೆ. ಎದೆಗೆ ಎದೆಕಟ್ಟು ಇದೆ. ಊರಿನ ಮಕ್ಕಳು ಚೌಕಿಯಲ್ಲಿ, ವೇಷ ಕಟ್ಟುವ ಜಾಗದಲ್ಲಿ, ಕಣ್ಣಾರೆ ನೋಡಿದ ವಸ್ತುಗಳು. ಇದಕ್ಕಿಂತ ಒಳ್ಳೆಯ ಪದ ಎಲ್ಲಿ ಸಿಗುತ್ತದೆ?

ಶನಿವಾರ ರಾತ್ರಿ, ಮಂಗಳೂರಿನಿಂದ

ಎಲ್ಲರಿಗೂ ಧನ್ಯವಾದ. ಆದರೆ ನಾನು ಕೇಳಿದ್ದು ಮೂರು ಪದ. ಕಡ ತರಬೇಕೋ ಬೇಡವೋ ಎಂಬ ತೀರ್ಪು ಅಲ್ಲ.

ಭುಜಕೀರ್ತಿ ಓದಿದಾಗ ನನಗೂ ಖುಷಿಯಾಯಿತು. ಎರಡು ಗಂಟೆ ಅದನ್ನೇ ಇಟ್ಟುಕೊಂಡಿದ್ದೆ. ಆಮೇಲೆ ತೆಗೆದೆ. ವೇಷದ ಭುಜಕೀರ್ತಿ ಆಭರಣ. ಹಗುರ ಮರದಲ್ಲಿ ಕೆತ್ತಿ ಮೇಲೆ ಬೇಗಡೆ ಹಚ್ಚುತ್ತಾರೆ. ರಾಜಗಾಂಭೀರ್ಯ ತೋರಿಸುವುದು ಅದರ ಕೆಲಸ, ಪೆಟ್ಟು ತಡೆಯುವುದಲ್ಲ. ಪಾಲ್ಡ್ರನ್ ಅಂದರೆ ಒಂದರ ಮೇಲೊಂದು ಜಾರುವ ಉಕ್ಕಿನ ಪಟ್ಟಿಗಳು. ತೋಳು ಎತ್ತಿದರೆ ಅವೂ ಸರಿದು ಜಾಗ ಬಿಡಬೇಕು. ಬಲ ಹೆಗಲಿನದ್ದನ್ನು ಎಷ್ಟೋ ಸಲ ಸಣ್ಣದಾಗಿ ಕತ್ತರಿಸಿ ಮಾಡುತ್ತಿದ್ದರು, ಉದ್ದನೆಯ ಈಟಿಯನ್ನು ಕಂಕುಳಲ್ಲಿ ಅವುಚಿ ಹಿಡಿಯಲು. ಫ್ಯಾಂಟಸಿ ಗೇಮ್‌ಗಳು ಇದನ್ನು ಮರೆತು ಹೆಗಲ ಮೇಲೆ ಎರಡು ಹಂಡೆ ಕೂರಿಸುತ್ತವೆ. ಅಂಥದ್ದು ಹಾಕಿಕೊಂಡವನು ಕೈಯನ್ನು ಕಿವಿಯ ತನಕ ಎತ್ತಲಾರ. ಭುಜಕೀರ್ತಿ ಎಂದು ನಾನೇ ಬರೆದರೆ ಆ ಕಲ್ಪನೆಗೆ ಒಪ್ಪಿಗೆ ಕೊಟ್ಟ ಹಾಗೆ. ಹೆಗಲುಗವಚ ಸಾಕು. ನಮ್ಮ ಗೇಮ್‌ನಲ್ಲಿ ಮಾಟಗಾರ ರಾಜನಿಗೆ ಬರೀ ಅಲಂಕಾರದ ಒಂದು ಹೆಗಲ ಆಭರಣ ಇದೆ. ಭುಜಕೀರ್ತಿ ಅವನಿಗೆ ಸಲ್ಲಲಿ.

ಜೋಡು ನನಗೂ ಇಷ್ಟದ ಪದ. ಆದರೆ ಚಪ್ಪಲಿಯ ಮಾತು ನಿಜ. ಆಡುವವರು ಹನ್ನೆರಡು ವರ್ಷದ ಮಕ್ಕಳು.

ಚೈನ್‌ಮೇಲ್‌ಗೆ ಒಂದು ಹೊಳೆದಿದೆ. ಇವತ್ತು ಬೇರೆ ಕೆಲಸಕ್ಕೆ ಮಲ್ಪೆಗೆ ಹೋಗಿದ್ದೆ. ಬಂದರಿನಲ್ಲಿ ಬಲೆ ದುರಸ್ತಿ ಮಾಡುತ್ತಿದ್ದ ಹಿರಿಯರೊಬ್ಬರಿಗೆ ಫೋನಿನಲ್ಲಿ ಆ ಕವಚದ ಚಿತ್ರ ತೋರಿಸಿ, ಇದು ಏನಿರಬಹುದು ಎಂದು ಕೇಳಿದೆ. ಅವರು ಚಿತ್ರ ದೊಡ್ಡದು ಮಾಡಿ ನೋಡಿದರು. ‘ಬಲೆ, ಕಬ್ಬಿಣದ್ದು. ಕಣ್ಣು ತುಂಬ ಸಣ್ಣದು’ ಎಂದರು. ಅಲ್ಲಿಂದ ವಾಪಸ್ ಬರುವ ದಾರಿಯಿಡೀ ‘ಬಲೆಗವಚ’ ತಲೆಯಲ್ಲಿ ತಿರುಗುತ್ತಿತ್ತು. ಏನೆನ್ನುತ್ತೀರಿ?

ಭಾನುವಾರ ಬೆಳಿಗ್ಗೆ, ಉಡುಪಿಯಿಂದ

ಬಲೆ ಕನ್ನಡ, ಕವಚ ಸಂಸ್ಕೃತ. ಅರಿಸಮಾಸ. ಬೇಡ.

ಭಾನುವಾರ, ಕಾರ್ಕಳದಿಂದ

ಅರಿಸಮಾಸ ಎಂದು ಒಂದೇ ಸಾಲಿನಲ್ಲಿ ತಳ್ಳಿದ್ದು ಸರಿಯಲ್ಲ. ಮಳೆಗಾಲ ಏನು? ಮಳೆ ಕನ್ನಡ, ಕಾಲ ಸಂಸ್ಕೃತ, ಕಕಾರಕ್ಕೆ ಗಕಾರವೂ ಬಂದಿದೆ. ಮಳೆಗಾಲ ಬೇಡ ಎನ್ನುವವರು ಉಡುಪಿಯಲ್ಲಿ ಜೂನ್ ತಿಂಗಳಿಗೆ ಏನು ಹೇಳುತ್ತಾರೆ? ಬಿರುದಾವಳಿಯಲ್ಲಿ ಅರಿಸಮಾಸ ಸಲ್ಲುತ್ತದೆ ಎಂದು ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಬಿಟ್ಟುಕೊಟ್ಟಿದ್ದಾನೆ. ಬಾಯಲ್ಲಿ ತಡವರಿಸದೆ ಬಂದರೆ ಸಮಾಸ ಗಟ್ಟಿ. ಬಲೆಗವಚ ಬರುತ್ತದೆ.

ಕೇಳಿದವರು ತಿಳಿಯದೆಯೇ ಸರಿಯಾದ ಜಾಗಕ್ಕೆ ಕೈಹಾಕಿದ್ದಾರೆ, ಅದನ್ನು ಹೇಳಲೇಬೇಕು. ಚೈನ್‌ಮೇಲ್‌ನ ‘ಮೇಲ್’ ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಮಾಕುಲಾ’ದಿಂದ ಬಂದದ್ದು. ಮಾಕುಲಾ ಅಂದರೆ ಕಲೆ, ಮಚ್ಚೆ. ಬಲೆಯ ಕಣ್ಣು ಎಂಬ ಅರ್ಥವೂ ಅದಕ್ಕಿದೆ. ಅಂಚೆಯ ಮೇಲ್ ಬೇರೆ ಪದ, ಅದರ ಮೂಲ ಚೀಲ. ಮಧ್ಯಯುಗದವರಿಗೆ ಈ ಅಂಗಿ ಬರೀ ‘ಮೇಲ್’. ‘ಚೈನ್’ ಅಂಟಿಕೊಂಡದ್ದು ಎಷ್ಟೋ ಕಾಲದ ಮೇಲೆ. 19ನೇ ಶತಮಾನದಲ್ಲಿ ಹಳೆಯ ಶಿಲ್ಪ, ಚಿತ್ರಗಳನ್ನು ನೋಡಿ ಕೆಲವರು ರಿಂಗ್ ಮೇಲ್, ಬ್ಯಾಂಡೆಡ್ ಮೇಲ್ ಎಂದು ಬೇರೆ ಬೇರೆ ಜಾತಿ ಮಾಡಿದರು. ಕಲ್ಲಿನಲ್ಲಿ ಕೆತ್ತಿದವನು ಒಂದೇ ಅಂಗಿಯನ್ನು ತನಗೆ ತೋಚಿದ ಗೆರೆಗಳಲ್ಲಿ ತೋರಿಸಿದ್ದ, ಅಷ್ಟೇ. ಗೇಮ್‌ಗಳ ಪಟ್ಟಿಗೆ ಆ ಹೆಸರುಗಳು ಇಳಿದದ್ದು ಅಲ್ಲಿಂದಲೇ. ಮಲ್ಪೆಯ ಆ ಹಿರಿಯರು ಚೈನ್ ಬಿಟ್ಟು ಮೂಲದ ಕಣ್ಣನ್ನೇ ನೋಡಿದ್ದಾರೆ.

ಭಾನುವಾರ, ಸುರತ್ಕಲ್‌ನಿಂದ

ಮೂಲ ಚೆಂದ, ಒಪ್ಪುತ್ತೇನೆ. ಆದರೆ ಬಲೆ ಅಂದರೆ ಹಿಡಿಯುವ ವಸ್ತು, ಕಾಯುವ ವಸ್ತು ಅಲ್ಲ. ಬಲೆಗವಚ ಅಂದರೆ ಬಲೆಗೆ ಬೀಳದ ಹಾಗೆ ಕಾಪಾಡುವ ಕವಚ ಎಂದೂ ಓದಬಹುದು.

ಸ್ಟಡೆಡ್ ಲೆದರ್ ಬಗ್ಗೆ ಒಂದು ತಕರಾರು. ಮೊಳೆಯ ಉಡುಪು ಇರಲೇ ಇಲ್ಲ ಎಂಬಂತೆ ಬರೆಯಬೇಡಿ. ನಮ್ಮ ದೇಶದಲ್ಲೇ ‘ಚಿಲ್ತಾ ಹಜಾರ್ ಮಾಷಾ’ ಇತ್ತು, ಸಾವಿರ ಮೊಳೆಯ ಅಂಗಿ. ಮ್ಯೂಸಿಯಂಗಳಲ್ಲಿ ಇವತ್ತಿಗೂ ಇದೆ.

ಭಾನುವಾರ ಸಂಜೆ, ಮಂಗಳೂರಿನಿಂದ

ಚಿಲ್ತಾ ನೆನಪಿಸಿದ್ದಕ್ಕೆ ತುಂಬ ಥ್ಯಾಂಕ್ಸ್. ಅದನ್ನು ನಾನು ಬಿಟ್ಟದ್ದು ತಪ್ಪು. ಆದರೆ ಅದು ಚರ್ಮಕ್ಕೆ ನಾಲ್ಕು ಮೊಳೆ ಹೊಡೆದದ್ದಲ್ಲ. ಪದರ ಪದರ ಬಟ್ಟೆ ಸೇರಿಸಿ ದಪ್ಪಗೆ ಹೊಲಿದು, ಮೇಲೆ ಹಿತ್ತಾಳೆಯ ಮೊಳೆಗಳನ್ನು ಒತ್ತೊತ್ತಾಗಿ ಕೂರಿಸಿದ ಉಡುಪು. ಕೆಲವಕ್ಕೆ ಉಕ್ಕಿನ ತಗಡೂ ಸೇರಿಸಿದ್ದಾರೆ. ಬಟ್ಟೆಯ ಕವಚವನ್ನು ಗೇಮ್‌ನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಿಜದಲ್ಲಿ ಯುರೋಪಿನಲ್ಲೂ ಇಲ್ಲಿಯೂ ಎಷ್ಟೋ ಸೈನಿಕರ ಜೀವ ಉಳಿಸಿದ್ದು ದಪ್ಪ ಬಟ್ಟೆಯೇ. ಬಲೆಗವಚದ ಒಳಗೂ ಅದು ಬೇಕು. ಬಳೆ ಅಲಗನ್ನು ತಡೆಯುತ್ತದೆ. ಗದೆಯ ಪೆಟ್ಟು ಮೂಳೆಗೆ ಇಳಿಯದ ಹಾಗೆ ನೋಡಿಕೊಳ್ಳುವುದು ಒಳಗಿನ ಬಟ್ಟೆ. ತಂಡದವರನ್ನು ಕೇಳಿಕೊಂಡು ಒಂದು ಹೊಸ ವಸ್ತು ಸೇರಿಸುತ್ತಿದ್ದೇನೆ: ‘ಸಾವಿರ ಮೊಳೆಯಂಗಿ’. ಚೌಕದಲ್ಲಿ ‘ಮೊಳೆಯಂಗಿ’ ಎಂದು ಮಾತ್ರ ಕಾಣುತ್ತದೆ, ಒತ್ತಿದರೆ ಪೂರ್ತಿ ಹೆಸರು ಬರುತ್ತದೆ.

ಸ್ಟಡೆಡ್ ಲೆದರ್‌ಗೆ ‘ಒಳತಗಡಿನ ಅಂಗಿ’ ಎಂದು ಹಾಕಿದೆ. ಇದು ಅನುವಾದ ಅಲ್ಲ, ತಿದ್ದುಪಡಿ. ಗೊತ್ತಿದ್ದೇ ಮಾಡಿದ್ದೇನೆ.

ಪ್ಲೇಟ್ ಆರ್ಮರ್‌ಗೆ ‘ತಗಡು’ ಅಂದರೆ ಅಗ್ಗದ ಮಾಲು ಅನ್ನಿಸುತ್ತದೆ ಎಂದು ತಂಡದಲ್ಲಿ ಒಬ್ಬರು ಹೇಳಿದರು. ಆದರೆ ಅದು ನಿಜವಾಗಿ ತಗಡೇ. ಎದೆಯ ಭಾಗದಲ್ಲೂ ಸುಮಾರು 2 ಮಿಲಿಮೀಟರ್ ದಪ್ಪ. 15ನೇ ಶತಮಾನದ ಇಡೀ ಮೈಯ ಕವಚ 20ರಿಂದ 25 ಕಿಲೋ, ಅದೂ ಮೈತುಂಬ ಹಂಚಿದ ಭಾರ. ಅದನ್ನು ತೊಟ್ಟವನು ಓಡುತ್ತಿದ್ದ, ತಾನೇ ಕುದುರೆ ಹತ್ತುತ್ತಿದ್ದ. ಬಗ್ಗಿಸಿ ಆಕಾರ ಕೊಟ್ಟ ತೆಳು ಉಕ್ಕು ಎಂಬ ಅರ್ಥ ಬೇರೆ ಯಾವ ಪದದಲ್ಲಿ ಬರುತ್ತದೆ? ‘ಉಕ್ಕುದಗಡು’ ಎಂದು ಬರೆದು ನೋಡಿದೆ, ಓದಲು ಕಷ್ಟ. ‘ಉಕ್ಕಿನ ಕವಚ’ ಎಂದು ಬಿಟ್ಟಿದ್ದೇನೆ. ಇದೊಂದರಲ್ಲಿ ನಾನು ಸೋತೆ.

ಬಲೆಗವಚ ಉಳಿಯುತ್ತದೆ. ‘ಬಲೆಯಿಂದ ಕಾಪಾಡುವ ಕವಚ’ ಎಂಬ ಗೊಂದಲ ಬರದ ಹಾಗೆ ಕೆಳಗೆ ಒಂದು ಸಾಲು ಹಾಕಿದ್ದೇನೆ: ‘ಸಾವಿರಾರು ಬಳೆ ಹೆಣೆದ ಅಂಗಿ. ಅಲಗು ತಡೆಯುತ್ತದೆ, ಗದೆಯ ಪೆಟ್ಟು ತಡೆಯುವುದಿಲ್ಲ.’ ಉಡುಪಿಯವರ ಸಮಾಧಾನಕ್ಕೆ ಒಂದು ಮಾತು: ಗುರಾಣಿಯ ಜಾಗದಲ್ಲಿ ಹರಿಗೆ ಇಟ್ಟಿದ್ದೇನೆ. ಅದು ಬೇರೆ ಅರ್ಥಕ್ಕೆ ಎಳೆಯುವುದಿಲ್ಲ, ಚಿತ್ರ ಪಕ್ಕದಲ್ಲೇ ಇರುತ್ತದೆ, ಮಕ್ಕಳು ಕಲಿಯುತ್ತಾರೆ.

ಒಂದು ಬಾಕಿ ಇದೆ. ಗಾಂಟ್ಲೆಟ್‌ಗೆ ‘ಉಕ್ಕಿನ ಕೈಗವಸು’ ಹಾಕಿದ್ದೇನೆ, ಅದು ಚೌಕದಲ್ಲಿ ಕಷ್ಟಪಟ್ಟು ಹಿಡಿಸುತ್ತದೆ. ಬರೀ ಕೈಗವಸು ಅಂದರೆ ಬೈಕ್ ಸವಾರರ ಗ್ಲೌಸ್ ಆಗಿಬಿಡುತ್ತದೆ. ಬೆರಳು ಬೆರಳಿಗೂ ಪ್ರತ್ಯೇಕ ತಗಡು ಇರುವ ವಸ್ತು ಅದು. ಯಾರಿಗಾದರೂ ಒಂದೇ ಪದ ಹೊಳೆದರೆ ನಾಳೆ ಬೆಳಿಗ್ಗೆ ಒಂಬತ್ತರೊಳಗೆ ಬರೆಯಿರಿ. ಹತ್ತಕ್ಕೆ ಫೈಲ್ ಕಳಿಸಬೇಕು.