ಹಾರ್ಡ್‌ವೇರ್ ಎಂಜಿನಿಯರ್ ಸಂದರ್ಶನದ ತಾಂತ್ರಿಕ ಸುತ್ತಿನಲ್ಲಿ ಏನು ಕೇಳುತ್ತಾರೆ?

ಪ್ರಶ್ನೆ:
ಎಲೆಕ್ಟ್ರಾನಿಕ್ ಉಪಕರಣಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಹಾರ್ಡ್‌ವೇರ್ ಎಂಜಿನಿಯರ್ ಹುದ್ದೆಗೆ ಮುಂದಿನ ವಾರ ನನ್ನ ಸಂದರ್ಶನವಿದೆ. ಫೋನಿನಲ್ಲಿ ನಡೆಯುವ ಮೊದಲ ಸುತ್ತು ಮುಗಿದಿದ್ದು, ಇನ್ನು ಇಬ್ಬರು ಎಂಜಿನಿಯರುಗಳು ಒಂದು ಗಂಟೆ ಪ್ರಶ್ನೆ ಕೇಳಲಿದ್ದಾರೆ. ಎರಡು ವರ್ಷ ಟೆಸ್ಟಿಂಗ್ ವಿಭಾಗದಲ್ಲೇ ದುಡಿದಿರುವ ನನಗೆ ಡಿಸೈನ್ ಅನುಭವ ಕಡಿಮೆ. ಪಠ್ಯಪುಸ್ತಕವನ್ನು ಮತ್ತೆ ಓದಬೇಕೋ, ಬೇರೇನಾದರೂ ಸಿದ್ಧತೆ ಬೇಕೋ, ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1:
ನನಗೆ ಬಂದ ಮೊದಲ ಪ್ರಶ್ನೆ ತೀರಾ ಸರಳವಾಗಿ ಕಂಡಿತ್ತು: 12 ವೋಲ್ಟ್‌ನಿಂದ 3.3 ವೋಲ್ಟ್, 1 ಆಂಪಿಯರ್ ಬೇಕು, ಯಾವ ರೆಗ್ಯುಲೇಟರ್ (ವೋಲ್ಟೇಜನ್ನು ಬೇಕಾದ ಮಟ್ಟದಲ್ಲಿ ಸ್ಥಿರವಾಗಿಡುವ ಭಾಗ) ಹಾಕುತ್ತೀರಿ? ಹಿಂದುಮುಂದು ನೋಡದೆ, ಹೆಚ್ಚುವರಿ ವೋಲ್ಟೇಜನ್ನು ಶಾಖವಾಗಿ ಕಳೆಯುವ ಲೀನಿಯರ್ ಎಂದುಬಿಟ್ಟೆ. ಅವರು ಮಾರ್ಕರನ್ನು ನನ್ನ ಕೈಗಿತ್ತು, ಶಾಖದ ಲೆಕ್ಕ ಬರೆಯಲು ಹೇಳಿದರು. ಲೋಡಿಗೆ ಸಿಗುವುದು 3.3 ವ್ಯಾಟ್, ಶಾಖವಾಗಿ ಹೋಗುವುದು 8.7 ವ್ಯಾಟ್ ಎಂಬುದು ಬೋರ್ಡಿನ ಮೇಲೆ ಬರೆದಾಗಲೇ ನನಗೆ ಹೊಳೆದದ್ದು. ತಪ್ಪನ್ನು ಒಪ್ಪಿಕೊಂಡು, ವೇಗವಾಗಿ ಆನ್-ಆಫ್ ಆಗುತ್ತ ಕಡಿಮೆ ಶಾಖದಲ್ಲಿ ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್ ಎಂದೆ. ಅವರು ಅದನ್ನು ಅಲ್ಲಿಗೇ ಬಿಡದೆ, ಅದರ ರಿಪಲ್‌ನಿಂದ (ಔಟ್‌ಪುಟ್ ವೋಲ್ಟೇಜಿನ ಸಣ್ಣ ಏರಿಳಿತದಿಂದ) ಎಡಿಸಿಯ (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಭಾಗದ) ರೀಡಿಂಗ್ ಅಲುಗಾಡಿದರೆ ಏನು ಮಾಡುತ್ತೀರಿ ಎಂದು ಮುಂದುವರಿಸಿದರು. ಕೊನೆಗೆ ಕೆಲಸವೂ ಸಿಕ್ಕಿತು, ಆದ್ದರಿಂದ ಮೊದಲ ಉತ್ತರ ತಪ್ಪಿದೊಡನೆ ಎದೆಗುಂದಬೇಡಿ.

ಉತ್ತರ 2:
ಟೆಸ್ಟಿಂಗ್ ಅನುಭವವನ್ನು ಕೊರತೆಯೆಂದು ನೀವೇ ಅಲ್ಲಿ ಹೇಳಿಕೊಳ್ಳಬೇಡಿ. ಮೋಟಾರ್ ಚಾಲೂ ಆದಾಗಲೆಲ್ಲ ಮೈಕ್ರೋಕಂಟ್ರೋಲರ್ ಚಿಪ್ಪು ರೀಸೆಟ್ ಆಗುತ್ತದೆ, ಕಾರಣ ಹುಡುಕಿ ಎಂದು ನನ್ನನ್ನು ಕೇಳಿದ್ದರು. ನಾನು ಕಾರಣಗಳನ್ನು ಒಂದೇ ಉಸಿರಿನಲ್ಲಿ ಹೇಳತೊಡಗಿದಾಗ, ಅವರಲ್ಲೊಬ್ಬರು ತಡೆದು, ವೋಲ್ಟೇಜಿನ ಏರಿಳಿತವನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪಿನ ಪ್ರೋಬನ್ನು ಮೊದಲು ಎಲ್ಲಿ ಇಡುತ್ತೀರಿ ಎಂದರು. ಚಿಪ್ಪಿನ ಸಪ್ಲೈ ಪಿನ್ನಿನ ಪಕ್ಕದಲ್ಲೇ ಇಟ್ಟು, ವೋಲ್ಟೇಜ್ ಕುಸಿಯುವ ಕ್ಷಣವನ್ನೇ ಸೆರೆಹಿಡಿಯುವಂತೆ ಆ ಅಂಚಿಗೆ ಟ್ರಿಗರ್ ಹಾಕುತ್ತೇನೆ, ಗ್ರೌಂಡ್ ತಂತಿ ಉದ್ದವಾದರೆ ಸರ್ಕ್ಯೂಟಿನಲ್ಲಿ ಇಲ್ಲದ ರಿಂಗಿಂಗ್ (ಅಲೆಯಂಥ ಕಂಪನ) ಕೂಡ ಪರದೆಯಲ್ಲಿ ಕಾಣುವುದರಿಂದ ಅದನ್ನು ಚಿಕ್ಕದಾಗಿಡುತ್ತೇನೆ ಎಂದೆ. ಅಲ್ಲಿಂದ ಮುಂದಿನ ಅರ್ಧ ಗಂಟೆ ಸಹೋದ್ಯೋಗಿಗಳ ಮಾತುಕತೆಯಂತೆ ಸಾಗಿತು. ಈ ಬಗೆಯ ಉತ್ತರ ನಿಮ್ಮ ದಿನನಿತ್ಯದ ಕೆಲಸದಲ್ಲೇ ಇದೆ.

ಉತ್ತರ 3:
ರೆಸ್ಯೂಮೆಯಲ್ಲಿ ಬರೆದ ಪ್ರತಿಯೊಂದು ಪದಕ್ಕೂ ನೀವೇ ಹೊಣೆ. ನಾನು ಐ-ಸ್ಕ್ವೇರ್ಡ್-ಸಿ (ಚಿಪ್ಪುಗಳು ಎರಡು ಲೈನುಗಳ ಮೂಲಕ ಮಾಹಿತಿ ಹಂಚಿಕೊಳ್ಳುವ ವಿಧಾನ) ಎಂದು ಬರೆದಿದ್ದೆ. ಅದಕ್ಕೆ ಪುಲ್-ಅಪ್ ರೆಸಿಸ್ಟರ್ (ಲೈನನ್ನು ಮೇಲಿನ ವೋಲ್ಟೇಜಿಗೆ ಎಳೆದಿಡುವ ರೆಸಿಸ್ಟರ್) ಏಕೆ ಬೇಕೆಂಬ ಪ್ರಶ್ನೆಗೆ ಬಾಯಿ ಕಟ್ಟಿತು. ಆ ಲೈನುಗಳು ಓಪನ್-ಡ್ರೇನ್, ಅಂದರೆ ಚಿಪ್ಪು ಅವುಗಳನ್ನು ಕೆಳಗೆ ಎಳೆಯಬಲ್ಲದೇ ಹೊರತು ಮೇಲೆತ್ತಲಾರದು ಎಂಬ ಉತ್ತರ ನೆನಪಾದದ್ದು ಮನೆಗೆ ಬಂದ ಮೇಲೆ.

ಪ್ರಶ್ನೆ ಕೇಳಿದವರು:
ಮೂವರಿಗೂ ಧನ್ಯವಾದಗಳು. ನನ್ನ ರೆಸ್ಯೂಮೆಯಲ್ಲೂ ಅಂಥ ಎರಡು ಪದಗಳಿವೆ. ಒಂದನ್ನು ಇಂದೇ ಅಳಿಸುತ್ತೇನೆ, ಇನ್ನೊಂದನ್ನು ಓದಿಕೊಳ್ಳುತ್ತೇನೆ.